ಕ್ಷಮಿಸುವುದೆಂದರೆ ಸುಮ್ಮನಾಗುವುದೇ? ಹರೆಯದವರ ಕೋಪದ ಬಗ್ಗೆ ಕೆಲವು ನಂಬಿಕೆಗಳು ಮತ್ತು ನಿಜಾಂಶ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಆಪ್ತ ಗೆಳೆಯನೊಬ್ಬ ಅವನ ಗುಟ್ಟೊಂದನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದಾನೆ. ಎಲ್ಲರೂ ನಕ್ಕಿದ್ದಾರೆ. ಹದಿನೈದು ದಿನ ಕಳೆದರೂ ಹುಡುಗನಿಗೆ ಸರಿಯಾಗಿ ನಿದ್ದೆಯಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ. ಮನೆಯಲ್ಲಿ ಅಜ್ಜಿ, "ಹೋಗ್ಲಿ ಬುಡು ಮಗ, ದೊಡ್ಡ ಮನಸ್ಸು ಮಾಡು" ಎನ್ನುತ್ತಾರೆ. ಬಸ್ಸಿನಲ್ಲಿ ಗೆಳೆಯರು, "ಸುಮ್ನೆ ಬುಟ್ರೆ ಆಯ್ತದಾ? ಸರಿಯಾಗಿ ಬುದ್ಧಿ ಕಲಿಸ್ಲಾ" ಎನ್ನುತ್ತಾರೆ.

ಎರಡೂ ಮಾತು ಅಕ್ಕರೆಯಿಂದಲೇ ಬಂದವು. ಆದರೆ ಎರಡರಲ್ಲೂ ಒಂದೊಂದು ತಪ್ಪು ತಿಳಿವಳಿಕೆ ಇದೆ. ಅವು ಯಾವುವು, ಸಂಶೋಧನೆ ಏನು ಹೇಳುತ್ತದೆ, ನಿಜವಾಗಿ ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕೋಪ ಬಂದಾಗ ದೇಹದಲ್ಲಿ ಏನಾಗುತ್ತದೆ?

ಕೋಪ ಒಂದು ರೋಗವಲ್ಲ. ನಮಗೆ ಅನ್ಯಾಯವಾಗಿದೆ ಎಂದು ಎಚ್ಚರಿಸುವ ಗಂಟೆ ಅದು. ಗಂಟೆ ಬಾರಿಸಿದ ಕೂಡಲೇ ಮೆದುಳಿನ ಅಮಿಗ್ಡಲಾ ಎಂಬ ಭಾಗ ಚುರುಕಾಗುತ್ತದೆ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಮತ್ತು ರಕ್ತದ ಒತ್ತಡ ಏರುತ್ತವೆ. ಹೊಡೆದಾಡಲು ಇಲ್ಲವೇ ಓಡಲು ದೇಹ ಸಿದ್ಧವಾಗುತ್ತದೆ. "ತಡಿ, ಯೋಚಿಸು" ಎಂದು ಇದಕ್ಕೆ ಕಡಿವಾಣ ಹಾಕುವುದು ಮೆದುಳಿನ ಮುಂಭಾಗ. ಈ ಭಾಗ ಇಪ್ಪತ್ತೈದರ ಆಸುಪಾಸಿನ ವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಹದಿಹರೆಯದವರ ಕೋಪ ಬೇಗ ಭುಗಿಲೇಳುವುದಕ್ಕೆ ಇದೂ ಒಂದು ಕಾರಣ. ಅದನ್ನು ಬರೀ ಕೊಬ್ಬು ಎನ್ನಲಾಗದು.

ತೊಂದರೆ ಶುರುವಾಗುವುದು ಗಂಟೆ ನಿಲ್ಲದೇ ಇದ್ದಾಗ. ಹಸು ಮೇವನ್ನು ಮೆಲುಕು ಹಾಕುವಂತೆ ನಾವು ಆದ ಅವಮಾನವನ್ನು ಮೆಲುಕು ಹಾಕುತ್ತೇವೆ. ಹಸುವಿಗೆ ಮೇವು ಜೀರ್ಣವಾಗುತ್ತದೆ, ನಮಗೆ ಅವಮಾನ ಜೀರ್ಣವಾಗುವುದಿಲ್ಲ. ಪ್ರತಿ ಸಲ ನೆನೆದಾಗಲೂ ದೇಹ ಅದೇ ಸಿದ್ಧತೆಯನ್ನು ಮತ್ತೆ ಮಾಡಿಕೊಳ್ಳುತ್ತದೆ. 2001ರಲ್ಲಿ ಅಮೆರಿಕದ ಮನೋವಿಜ್ಞಾನಿ ಶಾರ್ಲೆಟ್ ವಿಟ್‌ವ್ಲೀಟ್ ಮತ್ತು ಸಂಗಡಿಗರು 71 ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನು ಅಳೆದರು. ತಮಗೆ ನೋವು ಕೊಟ್ಟವರ ಮೇಲೆ ಹಗೆ ಸಾಧಿಸುವುದನ್ನು ಕಲ್ಪಿಸಿಕೊಂಡಾಗ ವಿದ್ಯಾರ್ಥಿಗಳ ಎದೆಬಡಿತ, ರಕ್ತದ ಒತ್ತಡ, ಬೆವರು ಎಲ್ಲವೂ ಏರಿದವು. ಕ್ಷಮಿಸುವುದನ್ನು ಕಲ್ಪಿಸಿಕೊಂಡಾಗ ಅಷ್ಟು ಏರಲಿಲ್ಲ.

ನಂಬಿಕೆ 1: ಕೋಪವನ್ನು ಹೊರಹಾಕಿದರೆ ತಣ್ಣಗಾಗುತ್ತದೆ

ದಿಂಬಿಗೆ ಗುದ್ದು, ಜೋರಾಗಿ ಕೂಗು, ಏನಾದರೂ ಒಡೆದು ಹಾಕು, ಹಗುರಾಗುತ್ತೀಯ ಎಂಬ ಸಲಹೆಯನ್ನು ಸಿನಿಮಾದಲ್ಲೂ ಕೇಳಿದ್ದೇವೆ. ಕುಕ್ಕರಿನ ಆವಿಯಂತೆ ಕೋಪವೂ ಒಳಗೆ ತುಂಬಿಕೊಂಡಿದೆ, ಬಿಟ್ಟರೆ ಖಾಲಿಯಾಗುತ್ತದೆ ಎಂಬುದು ಇದರ ಹಿಂದಿನ ಕಲ್ಪನೆ.

2002ರಲ್ಲಿ ಬ್ರ್ಯಾಡ್ ಬುಶ್‌ಮನ್ ಎಂಬ ಸಂಶೋಧಕ 600 ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮೊದಲು ಎಲ್ಲರಿಗೂ ಕೋಪ ಬರಿಸಲಾಯಿತು. ನಂತರ ಒಂದು ಗುಂಪು ಕೋಪ ಬರಿಸಿದವರನ್ನೇ ನೆನೆಯುತ್ತಾ ಬಾಕ್ಸಿಂಗ್ ಚೀಲಕ್ಕೆ ಗುದ್ದಿತು. ಇನ್ನೊಂದು ಗುಂಪು ವ್ಯಾಯಾಮ ಎಂದುಕೊಂಡು ಗುದ್ದಿತು. ಮೂರನೆಯದು ಎರಡು ನಿಮಿಷ ಸುಮ್ಮನೆ ಕೂತಿತ್ತು. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಕೋಪ ಉಳಿದಿದ್ದು ಮೊದಲ ಗುಂಪಿನವರಲ್ಲಿ; ಎಲ್ಲಕ್ಕಿಂತ ಕಡಿಮೆ, ಸುಮ್ಮನೆ ಕೂತವರಲ್ಲಿ. ಇದೇ ಬುಶ್‌ಮನ್ ಮತ್ತು ಸೋಫಿ ಕ್ಯಾರ್ವಿಕ್ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ನಿಧಾನ ಉಸಿರಾಟ, ಧ್ಯಾನ, ಯೋಗದಂತೆ ದೇಹದ ಉದ್ವೇಗ ಇಳಿಸುವ ಕೆಲಸಗಳು ಕೋಪವನ್ನೂ ಇಳಿಸಿದ್ದವು. ಉದ್ವೇಗ ಏರಿಸುವ ಕೆಲಸಗಳಿಂದ ಒಟ್ಟಾರೆ ಅಂಥ ಪ್ರಯೋಜನ ಕಾಣಲಿಲ್ಲ. ಅಂದರೆ ಕೋಪ ಕುಕ್ಕರಿನ ಆವಿಯಂತಲ್ಲ. ಅದು ಒಲೆಯ ಬೆಂಕಿ, ಊದಿದಷ್ಟೂ ಉರಿಯುತ್ತದೆ.

ನಂಬಿಕೆ 2: ಮನಸ್ಸು ಮಾಡಿದರೆ ಒಂದೇ ಕ್ಷಣದಲ್ಲಿ ಕ್ಷಮಿಸಬಹುದು

"ಕ್ಷಮಿಸ್ತೀನಿ ಅಂತ ಹೇಳಿದೆ. ಆದ್ರೂ ಅವನ ಮುಖ ಕಂಡ್ರೆ ಮೈ ಉರಿಯುತ್ತೆ. ನನ್ನ ಮನಸ್ಸೇ ಕೆಟ್ಟದ್ದು" ಎಂದು ಕೊರಗುವ ಹುಡುಗ ಹುಡುಗಿಯರು ಅನೇಕರಿದ್ದಾರೆ. ಇಲ್ಲಿ ಮನೋವಿಜ್ಞಾನಿ ಎವೆರೆಟ್ ವರ್ದಿಂಗ್ಟನ್ ಮಾಡುವ ಒಂದು ವಿಂಗಡಣೆ ತುಂಬ ಉಪಯುಕ್ತ. ಕ್ಷಮೆಯಲ್ಲಿ ಎರಡು ಬಗೆ. ಒಂದು, ತೀರ್ಮಾನದ ಕ್ಷಮೆ: ನಾನು ಸೇಡು ತೀರಿಸಿಕೊಳ್ಳುವುದಿಲ್ಲ ಎಂದು ನಿಶ್ಚಯಿಸುವುದು. ಇನ್ನೊಂದು, ಭಾವನೆಯ ಕ್ಷಮೆ: ಒಳಗಿನ ಕಹಿ ನಿಜಕ್ಕೂ ಕರಗುವುದು. ಮೊದಲನೆಯದು ಒಂದು ಗಳಿಗೆಯಲ್ಲಿ ಆಗಬಹುದು. ಎರಡನೆಯದಕ್ಕೆ ದಿನ, ತಿಂಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಬಿಂಡಿಗನವಿಲೆಯ ಸೀಮೆಯವರಿಗೆ ಇದಕ್ಕೆ ಉದಾಹರಣೆ ಹತ್ತಿರದಲ್ಲೇ ಇದೆ. ಪಕ್ಕದ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಸುಮಾರು ಕ್ರಿ.ಶ. 981ರಲ್ಲಿ ನಿಲ್ಲಿಸಿದ 58 ಅಡಿಯ ಬಾಹುಬಲಿಯ ಕಥೆ, ಮೂಲದಲ್ಲಿ ಅಣ್ಣತಮ್ಮಂದಿರ ಜಗಳದ ಕಥೆ. ರಾಜ್ಯಕ್ಕಾಗಿ ಭರತ ಬಾಹುಬಲಿ ಸೆಣಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ತಮ್ಮ, ಗೆಲುವಿನ ಗಳಿಗೆಯಲ್ಲೇ ರಾಜ್ಯವನ್ನು ಅಣ್ಣನಿಗೆ ಬಿಟ್ಟು ತಪಸ್ಸಿಗೆ ನಿಂತ. ತೀರ್ಮಾನ ಅಲ್ಲೇ ಆಯಿತು. ಆದರೆ ಬಳ್ಳಿ ಮೈಗೆ ಹಬ್ಬುವಷ್ಟು ಕಾಲ, ಒಂದು ವರ್ಷ ನಿಂತರೂ ಅವನಿಗೆ ಕೇವಲಜ್ಞಾನ ದೊರೆಯಲಿಲ್ಲ. ಒಳಗೊಂದು ಸಣ್ಣ ಮುಳ್ಳು ಉಳಿದಿತ್ತು. ತಾನು ನಿಂತ ನೆಲ ಅಣ್ಣನದು ಎಂಬ ಭಾವ ಎಂದು ಕೆಲವರು ಹೇಳುತ್ತಾರೆ, ಅಣ್ಣನಿಗೆ ನೋವು ಕೊಟ್ಟೆನಲ್ಲ ಎಂಬ ಅಳುಕು ಎಂದು ಇನ್ನು ಕೆಲವರು. ಭರತನೇ ಬಂದು ನಮಿಸಿದ ಮೇಲೆ ಆ ಮುಳ್ಳು ಹೋಯಿತು.

ಕಥೆಯನ್ನು ವೈಜ್ಞಾನಿಕ ಪುರಾವೆ ಎಂದು ನಾವು ಹೇಳುತ್ತಿಲ್ಲ. ಆದರೆ ಬಾಹುಬಲಿಗೇ ಒಂದು ವರ್ಷ ಹಿಡಿದದ್ದನ್ನು ಹದಿನೇಳರ ಹುಡುಗ ಸಂಜೆಯೊಳಗೆ ಮಾಡಿ ಮುಗಿಸಬೇಕು ಎನ್ನುವುದು ಎಷ್ಟು ಸರಿ?

ನಂಬಿಕೆ 3: ಕ್ಷಮಿಸಿದರೆ ಎಲ್ಲ ಮರೆತು ಮೊದಲಿನಂತೆ ಇರಬೇಕು, ದೂರು ಕೊಡಬಾರದು

ಮೂರರಲ್ಲಿ ಅತ್ಯಂತ ಅಪಾಯಕಾರಿ ನಂಬಿಕೆ ಇದು. ಕ್ಷಮೆ, ಮರೆವು, ರಾಜಿ, ನ್ಯಾಯ ಇವು ನಾಲ್ಕೂ ಬೇರೆ ಬೇರೆ. ಕ್ಷಮೆ ಒಬ್ಬರ ಮನಸ್ಸಿನೊಳಗೆ ನಡೆಯುವ ಕೆಲಸ. ರಾಜಿಗೆ ಇಬ್ಬರು ಬೇಕು, ತಪ್ಪು ಮಾಡಿದವರು ಬದಲಾಗಿರಬೇಕು. ನಮ್ಮ ಹುಡುಗ ಗೆಳೆಯನ ಮೇಲಿನ ಹಗೆ ಬಿಟ್ಟ ಮೇಲೂ ಅವನಿಗೆ ಮತ್ತೆ ಗುಟ್ಟು ಹೇಳದೆ ಇರಬಹುದು. ಅದು ಸಣ್ಣತನವಲ್ಲ, ವಿವೇಕ.

ದೌರ್ಜನ್ಯ ಇನ್ನೂ ನಡೆಯುತ್ತಿದ್ದರೆ ಕ್ಷಮೆಯ ಮಾತೇ ಆಗ ಬೇಡ, ಮೊದಲು ರಕ್ಷಣೆ ಆಗಬೇಕು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ "ನಮ್ಮೋರೇ ತಾನೆ, ಮರ್ಯಾದೆ ಪ್ರಶ್ನೆ, ಕ್ಷಮಿಸಿಬಿಡು" ಎಂದು ಮನೆಯವರೇ ಬಾಯಿ ಮುಚ್ಚಿಸುವುದುಂಟು. ಅದು ಕ್ಷಮೆಯಲ್ಲ, ಮಗುವಿನ ಮೇಲೆ ಇನ್ನೊಂದು ಹೊರೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಮುಗಿಸುವ ವಿಷಯ ಅದಲ್ಲ.

ಕ್ಷಮೆ ಕೇಳಬೇಕಾದವರು ಯಾರು?

ನಾವು ಸಾಮಾನ್ಯವಾಗಿ ನೊಂದವರಿಗೆ ಮಾತ್ರ ಪಾಠ ಹೇಳುತ್ತೇವೆ. ಬಿಂಡಿಗನವಿಲೆ ಹೋಬಳಿಯಲ್ಲೇ ಕಂಬದಹಳ್ಳಿ ಇದೆ, ಗಂಗರ ಕಾಲದ ಪಂಚಕೂಟ ಬಸದಿ ಇರುವ ಊರು. ಆ ಬಸದಿಯ ಪರಂಪರೆಯಾದ ದಿಗಂಬರ ಜೈನರಲ್ಲಿ ಭಾದ್ರಪದದ ದಶಲಕ್ಷಣ ಪರ್ವದ ಮೊದಲ ಧರ್ಮವೇ ಉತ್ತಮ ಕ್ಷಮೆ. ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ಎಲ್ಲರೂ ಪರಸ್ಪರ ಕ್ಷಮೆ ಕೊಡುವುದಷ್ಟೇ ಅಲ್ಲ, ಕೇಳುತ್ತಾರೆ. ಹಿರಿಯರು ಕಿರಿಯರನ್ನೂ ಕೇಳುತ್ತಾರೆ. ಅಂಕ ಕಡಿಮೆ ಬಂತೆಂದು ನೆಂಟರ ಮುಂದೆ ಹೊಡೆದ ಅಪ್ಪ, ಮಾರನೆಯ ದಿನ "ಹಂಗ್ ಮಾಡ್ಬಾರ್ದಿತ್ತು ಕಣಪ್ಪ, ತಪ್ಪಾಯ್ತು" ಎಂದರೆ ಮಗನ ಕೋಪ ಇಳಿಯುವುದಷ್ಟೇ ಅಲ್ಲ, ತಪ್ಪೊಪ್ಪಿಕೊಳ್ಳುವುದು ಹೇಗೆ ಎಂಬುದನ್ನೂ ಅವನು ಕಲಿಯುತ್ತಾನೆ.

ಕ್ಷಮಿಸುವುದನ್ನು ಕಲಿಯಬಹುದೇ?

ಕಲಿಯಬಹುದು. ವರ್ದಿಂಗ್ಟನ್ ಅವರ ವಿಧಾನವನ್ನು ಕಿರುಪುಸ್ತಕವಾಗಿಸಿ ಕೊಲಂಬಿಯಾ, ಹಾಂಗ್‌ಕಾಂಗ್, ಇಂಡೋನೇಷ್ಯಾ, ದಕ್ಷಿಣ ಆಫ್ರಿಕಾ, ಉಕ್ರೇನ್‌ಗಳಲ್ಲಿ 4,598 ಜನರೊಂದಿಗೆ ಪರೀಕ್ಷಿಸಲಾಯಿತು. ಸುಮಾರು ಮೂರು ಗಂಟೆಯ ಅಭ್ಯಾಸ ಮಾಡಿದವರಲ್ಲಿ, ಮಾಡದವರಿಗಿಂತ, ಕ್ಷಮಾಭಾವ ಹೆಚ್ಚಿತು. ಖಿನ್ನತೆ ಮತ್ತು ಆತಂಕದ ಲಕ್ಷಣಗಳು ತಗ್ಗಿದವು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಕ್ಷಮೆ ಎಲ್ಲಕ್ಕೂ ಮದ್ದು ಎಂದು ಇದರ ಅರ್ಥವಲ್ಲ. ಅದು ಅಭ್ಯಾಸದಿಂದ ಬರುವ ಗುಣ ಎಂಬುದಷ್ಟೇ ಇದರ ತಾತ್ಪರ್ಯ.

ದಿನನಿತ್ಯ ಮಾಡಬಹುದಾದದ್ದು:

1. ಕೋಪ ಏರಿದಾಗ ಮೊದಲು ದೇಹವನ್ನು ಇಳಿಸಿ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಐದು ನಿಮಿಷ ಸಾಕು. ಆ ಹೊತ್ತಿನಲ್ಲಿ ಯಾರಿಗೂ ಮೆಸೇಜ್ ಕಳಿಸಬೇಡಿ.

2. ಆದದ್ದನ್ನು ಹಾಳೆಯ ಮೇಲೆ ಬರೆಯಿರಿ. "ಅವನು ಕೆಟ್ಟವನು" ಎಂದಲ್ಲ, "ಅವನು ಹೀಗೆ ಮಾಡಿದ, ನನಗೆ ಹೀಗನಿಸಿತು" ಎಂದು.

3. ಅವನು ಯಾಕೆ ಹಾಗೆ ಮಾಡಿರಬಹುದು ಎಂದು ಯೋಚಿಸಿ. ಇದು ಅವನ ತಪ್ಪನ್ನು ಒಪ್ಪುವುದಕ್ಕಲ್ಲ, ನಿಮ್ಮ ತಲೆಯಲ್ಲಿ ಅವನು ರಾಕ್ಷಸನಾಗಿ ಬೆಳೆಯದಿರಲಿ ಎಂದು.

4. ನೀವು ಯಾವಾಗಲೋ ತಪ್ಪು ಮಾಡಿ ಯಾರೋ ಕ್ಷಮಿಸಿದ್ದನ್ನು ನೆನೆಯಿರಿ.

5. ಮನಸ್ಸು ಸಿದ್ಧವಾದಾಗ ಮಾತ್ರ ತೀರ್ಮಾನಿಸಿ, ಅದನ್ನು ಬರೆದಿಡಿ. ಕಹಿ ಮತ್ತೆ ಬಂದರೆ ಸೋತೆ ಎಂದುಕೊಳ್ಳಬೇಡಿ. ಬರೆದಿಟ್ಟದ್ದನ್ನು ಮತ್ತೆ ಓದಿ.

ಯಾವಾಗ ನೆರವು ಪಡೆಯಬೇಕು?

ಎರಡು ವಾರ ಕಳೆದರೂ ನಿದ್ದೆ, ಊಟ, ಓದು ಸರಿಹೋಗದಿದ್ದರೆ, ಕೈ ಎತ್ತುವ ಹಂತಕ್ಕೆ ಕೋಪ ಪದೇಪದೇ ಹೋಗುತ್ತಿದ್ದರೆ, ಅಥವಾ ಬದುಕೇ ಬೇಡ ಎನಿಸಿದರೆ ಕಾಯಬೇಡಿ. ಸಾಯುವ ಮಾತನ್ನು ಹರೆಯದವರು ಆಡಿದಾಗ "ಹೆದರಿಸ್ತಾವ್ನೆ" ಎಂದು ಮನೆಯವರು ತಳ್ಳಿಹಾಕಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 18 ವರ್ಷದೊಳಗಿನವರು ಯಾವುದೇ ದೌರ್ಜನ್ಯಕ್ಕೆ ಸಿಕ್ಕಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ತುರ್ತಾಗಿದ್ದರೆ 112.

ಇನ್ನು ಅಜ್ಜಿಯ ಮಾತಿಗೆ ಬರೋಣ. "ಹೋಗ್ಲಿ ಬುಡು" ಎನ್ನುವುದು ತಪ್ಪಲ್ಲ, ಸ್ವಲ್ಪ ಬೇಗ ಹೇಳಿದ ಮಾತು. ಅದಕ್ಕೂ ಮೊದಲು "ಏನಾಯ್ತು ಮಗ, ಹೇಳು" ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡರೆ, ಬಿಡುವುದು ಹುಡುಗನಿಗೆ ಅರ್ಧ ಸುಲಭವಾಗುತ್ತದೆ.