ಹಾಡು ಬರೆದವರ ಹೆಸರುಂಟು, ಮಾತು ಕಟ್ಟಿದವರದ್ದೆಲ್ಲಿ?

ಕೃಷ್ಣಾ ತೀರದ ರಂಗಭೂಮಿಯ ಚರಿತ್ರೆ ಬರೆಯುವವರು ಮೊದಲು ಹಿಡಿಯುವುದು ಅರಮನೆಯ ದಾರಿ. 1843ರಲ್ಲಿ ಸಾಂಗಲಿಯ ಪಟವರ್ಧನ ದೊರೆಯ ಆಶ್ರಯದಲ್ಲಿ ವಿಷ್ಣುದಾಸ ಭಾವೆಯವರ 'ಸೀತಾ ಸ್ವಯಂವರ'. 1880ರಲ್ಲಿ ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ 'ಸಂಗೀತ ಶಾಕುಂತಲ'. ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಭಾವೆಯವರಿಗೆ ದಾರಿ ತೋರಿಸಿದ್ದು ಕರ್ನಾಟಕದಿಂದ ಸಾಂಗಲಿಗೆ ಹೋದ ಭಾಗವತ ಮೇಳ. ಇದೆಲ್ಲ ಖರೆ. ಆದರೆ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಯ ಹಳ್ಳಿಗಳಲ್ಲಿ ಬೆಳತನಕ ಹಾಡಿ ಕುಣಿದವರು ಈ ಲೆಕ್ಕದಾಗ ಎಲ್ಲಿದ್ದಾರ?

ಶ್ರೀಕೃಷ್ಣ ಪಾರಿಜಾತವನ್ನೇ ನೋಡೋಣ. ಅಪರಾಳ ತಮ್ಮಣ್ಣ ಬರೆದ ಕಾವ್ಯವನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಹೊಂದಿಸಿದ. ಇಬ್ಬರ ಹೆಸರೂ ಉಳಿದಿವೆ, ಉಳಿಯಬೇಕು ಕೂಡ. ಆದರೆ ಪಾರಿಜಾತ ಬರೀ ಪದಗಳಿಂದ ನಿಲ್ಲುವ ಆಟವಲ್ಲ. ಸತ್ಯಭಾಮೆ ಒಂದು ನುಡಿ ಹಾಡುತ್ತಾಳೆ. ಹಾರ್ಮೋನಿಯಂ, ತಬಲಾ, ತಾಳ ನಿಲ್ಲುತ್ತವೆ. ದೂತಿಯಾಗಿ ನಿಂತ ಭಾಗವತ ಕೇಳುತ್ತಾನೆ: ಹಂಗಂದ್ರ ಏನವ್ವಾ? ಆಗ ಶುರುವಾಗುವ ಮಾತು ಯಾವ ಪುಸ್ತಕದಲ್ಲೂ ಇಲ್ಲ. ದೇವಲೋಕದ ಹೂವಿನ ಜಗಳ ಅಲ್ಲಿ ಇಬ್ಬರು ಸವತಿಯರ ಮನೆಜಗಳವಾಗುತ್ತದೆ. ಕೃಷ್ಣ ದೇವರು ಹೋಗಿ ಊರಿನ ಗಂಡಸಾಗುತ್ತಾನೆ. ಅವನ ಸಣ್ಣತನಕ್ಕೆ ಜನ ನಗುತ್ತಾರೆ. ಸಂಸ್ಕೃತ ತುಂಬಿದ ಪದಕ್ಕೆ ರೈತನ ನಾಲಿಗೆಯಲ್ಲಿ ಅರ್ಥ ಕಟ್ಟಿದವರು ಅಕ್ಷರ ಕಲಿಯದ ಆಟಗಾರರು. ಪದಕ್ಕೆ ಕವಿಯ ಅಂಕಿತ ಸಿಕ್ಕಿತು, ಈ ಮಾತಿಗೆ ಸಿಗಲಿಲ್ಲ. ಪದ ಅಚ್ಚಾಯಿತು, ಮಾತು ಗಾಳಿಗೆ ಹೋಯಿತು.

ಹೆಂಗಸರ ಕತೆ ಇನ್ನೂ ಕಟು. ಕೌಜಲಗಿಯ ನಿಂಗಮ್ಮ ಪಾರಿಜಾತದ ಮೇಳ ಕಟ್ಟಿ ನಡೆಸಿದಳು. ಅದಕ್ಕೇ ಅವಳ ಹೆಸರು ಉಳಿಯಿತು. ಗೀಗೀ ಮೇಳಗಳಲ್ಲಿ ಹೆಣ್ಣು ಹೆಚ್ಚೆಂದು ವಾದಿಸುವ ನಾಗೇಶಿ ಪದಗಳಿವೆ. ಆ ವಾದ ಹಾಡಿದವರು ಹೆಂಗಸರು, ಬರೆದುಕೊಟ್ಟವರು ಹೆಚ್ಚಾಗಿ ಗಂಡಸರು. ಹಾಡಿದವರಲ್ಲಿ ಎಷ್ಟೋ ಮಂದಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು, ನಮ್ಮ ಕೇರಿಯವರು. ರಾತ್ರಿ ಹೆಣ್ಣೇ ಶಕ್ತಿ ಎಂದು ಹಾಡಿದವಳನ್ನು ಬೆಳಗಾದ ಮೇಲೆ ಊರು ಏನೆಂದು ಕರೆಯಿತು? ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯಿದೆ 1982ರದ್ದು. ಕಲೆಯನ್ನು ಹೊಗಳುವಾಗ ಈ ಬೆಲೆಯನ್ನು ಮರೆತರೆ ಅದು ಕಲಾಪ್ರೇಮ ಅಲ್ಲ, ಜಾಣಕುರುಡು.

ಹಾಗಂತ ಈ ಆಟಗಳನ್ನು ಎಸೆಯಬೇಕೇ? ಬೇಡ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಸೇರಿ ಬಾಬಾಸಾಹೇಬರು ಮಾತನಾಡಿದರು. ಮುಂದೆ ಅದೇ ಸೀಮೆಯಾಚೆಯ ವಾಟೆಗಾಂವದ ಮಾಂಗ ಕೇರಿಯಲ್ಲಿ ಹುಟ್ಟಿದ ಅಣ್ಣಾಭಾವು ಸಾಠೆ 1944ರಲ್ಲಿ ಗೆಳೆಯರೊಡನೆ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಅವರು ತಮಾಶಾದ ಧಾಟಿ ಬಿಡಲಿಲ್ಲ, ಡಫ್ ಬಿಡಲಿಲ್ಲ. ಮೊದಲಿನ ಗಣಪತಿ ಸ್ತುತಿಯನ್ನು ತೆಗೆದು ತಾಯ್ನೆಲಕ್ಕೆ, ಹುತಾತ್ಮರಿಗೆ ವಂದನೆ ಇಟ್ಟರು. ಧಾಟಿ ಹಳೆಯದು, ತಲೆ ಬಾಗುವ ದಿಕ್ಕು ಹೊಸದು. ಜಾತ್ರೆಯಲ್ಲಿ ಗುಂಪು ಹಿಡಿದಿಡುವ ಹಾಡುಗಾರಿಕೆಯನ್ನು ನಮ್ಮ ಹಿರಿಯರು ಆಗಲೇ ಕಲಿತಿದ್ದರು. ಅದನ್ನು ಯಾರಿಗಾಗಿ ಹಾಡಬೇಕು ಅನ್ನುವುದಷ್ಟೇ ಪ್ರಶ್ನೆ.

ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನಲ್ಲಿ ಪಾರಿಜಾತದ ದೂತಿಯಾಗಿದ್ದ ಮುದುಕ, ನಾಗೇಶಿ ಹಾಡಿದ ಮುದುಕಿ ಇನ್ನೂ ಇದ್ದರೆ ಹೋಗಿ ಕೂಡ್ರಿ. ಪದ ಬರಕೊಳ್ಳೋಕೆ ಮುಂಚೆ ಹೆಸರು ಬರಕೊಳ್ರಿ. ಪದದ ನಡುವಿನ ಮಾತು ಬರಕೊಳ್ರಿ. ಸುಗ್ಗಿಯಲ್ಲಿ ಎಷ್ಟು ಕಾಳು ಕೊಟ್ಟರು, ಎಲ್ಲಿ ಕೂಡ್ರಿಸಿ ಉಣ್ಣಾಕ ಹಾಕಿದರು, ಅದನ್ನೂ ಕೇಳ್ರಿ. ನಮ್ಮ ರಂಗಭೂಮಿಯ ಚರಿತ್ರೆ ಆ ಪಂಕ್ತಿಯಿಂದ ಶುರುವಾಗಬೇಕು.