ಅಗೆಯದೆ ನೆಲವನ್ನರಿಯುವ ವಿದ್ಯೆ

ತಾಂಡೂರಿನ ನಾವು ಫರಸಿಕಲ್ಲಿನ ಮೇಲೆ ನಡೆಯುವವರು. ಅದರಡಿಯ ನೀರಿಗಾಗಿ ಊಹೆಯಿಂದಲೇ ಬಾವಿ ತೋಡಿದವರು. ಅಗೆಯದೆ ಅರಿಯುವ ವಿದ್ಯೆಗೂ ಒಂದು ಇತಿಹಾಸವುಂಟು.

ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಪ್ರೇರಿಸುವುದೆಂದು ಫ್ಯಾರಡೆ 1831ರಲ್ಲಿ ತೋರಿಸಿದನು. ನಿಸರ್ಗವೇ ನೆಲದೊಳಗೆ ಹುಟ್ಟಿಸುವ ಇಂಥ ಪ್ರವಾಹಗಳಿಂದ ಆಳದ ಶಿಲೆಯನ್ನು ತಿಳಿಯಬಹುದೆಂದು ರಷ್ಯದ ಟಿಖೊನೊವ್ 1950ರಲ್ಲಿಯೂ ಫ್ರಾನ್ಸಿನ ಕಾನಿಯಾರ್ 1953ರಲ್ಲಿಯೂ ನಿರೂಪಿಸಿದರು.

1961ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಅಂತರ್ಜಲವನ್ನರಸಿ ಅದು ಕೇಂದ್ರ ಅಂತರ್ಜಲ ಮಂಡಳಿಯೊಡನೆ, 2013ರ ಬಳಿಕ, ತುಮಕೂರು ಜಿಲ್ಲೆಯ ಅಂಕಸಂದ್ರದ ಮೇಲೆ ಹೆಲಿಕಾಪ್ಟರಿಗೆ ತಂತಿಯ ದೊಡ್ಡ ಸುತ್ತನ್ನು ತೂಗುಬಿಟ್ಟಿತು. ಅದರಲ್ಲಿ ಪ್ರವಾಹವನ್ನು ಹರಿಸಿ, ತಟ್ಟನೆ ನಿಲ್ಲಿಸಿ, ನೆಲದ ಮಾರ್ದನಿಯನ್ನು ಅಳೆಯಿತು. ಗಟ್ಟಿ ಬಂಡೆಯಲ್ಲಿ ಅದು ಬೇಗ ಅಡಗುವುದು. ನೀರುಂಡ ಸಡಿಲ ಶಿಲೆಯಲ್ಲಿ ನಿಧಾನವಾಗಿ. ಆದರೆ ಜೇಡಿಯೂ ನೀರಿನಂತೆಯೇ ತೋರುವುದು. ಕೊನೆಯ ಸಾಕ್ಷಿ ಕೊಳವೆಬಾವಿಯೇ.

ರೈತನು ಬಾವಿಗಾಗಿ ಸಾಲಮಾಡುವ ಮುನ್ನ ಇದನ್ನು ಅವನ ನುಡಿಯಲ್ಲಿ ತಿಳಿಸುವುದು ಉಪಾಧ್ಯಾಯರಾದ ನಮ್ಮ ಹೊಣೆ.