ದಣಿವಿನ ಬಗ್ಗೆ ಅಶೋಕ ಬರೆಸಿದ್ದು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ನಡುವೆ ಮಸ್ಕಿಯಲ್ಲಿ ನಿಲ್ಲುತ್ತದೆ. ಒಂದಷ್ಟು ಜನ ಇಳಿಯುತ್ತಾರೆ, ಅದಕ್ಕಿಂತ ಹೆಚ್ಚು ಜನ ಹತ್ತುತ್ತಾರೆ. ಕಿಟಕಿಯಿಂದ ನೋಡಿದರೆ ಊರಿಗೆ ಒತ್ತಿಕೊಂಡಂತೆ ಬಂಡೆಗಳ ಗುಡ್ಡ. ಆ ಗುಡ್ಡದ ಒಂದು ಬಂಡೆಯ ಮೇಲೆಯೇ ನನ್ನ ಪಿಎಚ್.ಡಿ. ನಿಂತಿದೆ. ಮೌರ್ಯರ ಕಾಲದಲ್ಲಿ ಈ ಸೀಮೆಯ ಆಡಳಿತ ಹೇಗೆ ನಡೆಯುತ್ತಿತ್ತು ಎಂಬುದು ನನ್ನ ವಿಷಯ. ಮನೆ ಸಿಂಧನೂರಿನಲ್ಲಿ, ಅತಿಥಿ ಉಪನ್ಯಾಸಕಿಯ ಕೆಲಸ ಲಿಂಗಸುಗೂರಿನ ಕಡೆ. ಹಾಗಾಗಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಶೋಕನನ್ನು ದಾಟಿಕೊಂಡು ಹೋಗುತ್ತೇನೆ. ಸಂಶೋಧನೆಗೆ ಸೇರಿದ ಮೊದಲ ವರ್ಷ ಇಲ್ಲಿ ಇಳಿದು ಫೋಟೊ ತೆಗೆದುಕೊಂಡಿದ್ದೆ. ಆಮೇಲೆ ಸುಮಾರು ಎರಡೂವರೆ ವರ್ಷ ಇಳಿಯಲಿಲ್ಲ.

ಇಳಿಯಲು ಪುರುಸೊತ್ತು ಇರಲಿಲ್ಲ ಎಂದರೆ ಅರ್ಧ ಸತ್ಯ. ದಿನಕ್ಕೆ ಮೂರು ಕ್ಲಾಸು, ಕಾಲೇಜಿನ ಫೈಲುಗಳು, ಅಸೈನ್‌ಮೆಂಟುಗಳ ಕಟ್ಟು, ಮಾರ್ಗದರ್ಶಕರಿಗೆ ಕೊಡಬೇಕಾದ ಎರಡನೇ ಅಧ್ಯಾಯ, ಯಾವುದೋ ಸೆಮಿನಾರಿಗೆ ಒಪ್ಪಿಕೊಂಡ ಪ್ರಬಂಧ. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆರೆದು ಇವುಗಳಲ್ಲಿ ಯಾವುದು ಮೊದಲು ಎಂದು ಪಟ್ಟಿ ಮಾಡುತ್ತಿದ್ದೆ. ಪಟ್ಟಿ ಮುಗಿಯುವ ಹೊತ್ತಿಗೆ ನಿದ್ದೆ. ಕೆಲಸ ಮಾಡಿ ದಣಿಯುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಾಡದೆಯೇ ದಣಿಯುವ ವಿದ್ಯೆ ನಾನು ಕಲಿತೆ.

ಹೋದ ಸೆಮಿಸ್ಟರಿನ ಕೊನೆಗೆ ಇಂಟರ್ನಲ್ ಅಂಕಗಳನ್ನು ಏರಿಸುವ ದಿನ ಬಂತು. ಒಂದೇ ಸಂಜೆ ನೂರಕ್ಕೂ ಹೆಚ್ಚು ಹೆಸರು. ಒಂದು ವಾರದ ನಂತರ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಮೇಡಂ, ನಾ ಅಸೈನ್‌ಮೆಂಟ್ ಕೊಟ್ಟಿದ್ದೆರಿ. ಸೊನ್ನೆ ಬಂದೈತ್ರಿ" ಎಂದಳು. ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ಕಟ್ಟು ಬಿಚ್ಚಿ ಹುಡುಕಿದೆ. ಅವಳ ಹಾಳೆಗಳು ಇನ್ನೊಬ್ಬರ ಹಾಳೆಗಳ ಒಳಗೆ ಸೇರಿಕೊಂಡಿದ್ದವು. ನೋಡದೆ ಸೊನ್ನೆ ಒತ್ತಿ ಮುಂದೆ ಹೋಗಿದ್ದೆ. ಅವತ್ತು ವಾಪಸು ಬರುವಾಗ ಮಸ್ಕಿಯಲ್ಲಿ ಇಳಿದೆ. ಯಾಕೆ ಇಳಿದೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮಸ್ಕಿಯ ಶಾಸನ ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಗಳ ಇಂಜಿನಿಯರ್ ಆಗಿದ್ದ ಸಿ. ಬೀಡನ್ ಅವರ ಕಣ್ಣಿಗೆ. ಈ ಭಾಗದ ನೆಲದಲ್ಲಿ ಚಿನ್ನ ಹುಡುಕುವವರು ತಿರುಗಾಡುವುದು ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಗಣಿಗಳು ನೂರಾರು ಅಡಿ ಆಳಕ್ಕೆ ಇಳಿದಿವೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ರಾಜ ತನ್ನನ್ನು ದೇವಾನಂಪಿಯ, ಪಿಯದಸಿ ಎಂದಷ್ಟೇ ಕರೆದುಕೊಂಡಿದ್ದ. ಆ ಪಿಯದಸಿಯೇ ಅಶೋಕ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ ಹೆಸರೇ ಕಂಡಿತು. ನಮ್ಮ ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಆ ಎಂಟು ಸಾಲುಗಳು ಏನು ಹೇಳುತ್ತವೆ ಎಂದು ಯಾರೂ ಕೇಳುವುದಿಲ್ಲ.

ಹೇಳುವುದು ಇಷ್ಟು: ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಸಂಘದ ಹತ್ತಿರ ಹೋದದ್ದು ಆಮೇಲೆ. ಮೊದಲು ಬೆರೆಯದಿದ್ದ ದೇವತೆಗಳು ಈಗ ಜಂಬೂದ್ವೀಪದ ಜನರೊಡನೆ ಬೆರೆತಿದ್ದಾರೆ. ಇದನ್ನು ಸಣ್ಣವನೂ ಪಡೆಯಬಹುದು. ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬಾರದು. ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು. ಮಸ್ಕಿಯ ಬಂಡೆ ಅಲ್ಲಲ್ಲಿ ಸವೆದಿದೆ. ಇದೇ ಶಾಸನದ ಇನ್ನಷ್ಟು ಪೂರ್ಣವಾದ ಪಾಠ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ, 1892ರಲ್ಲಿ ಬಿ. ಎಲ್. ರೈಸ್ ಕಂಡುಹಿಡಿದದ್ದು. ಅಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ ಎಂದು ರಾಜ ಹೇಳಿಕೊಳ್ಳುತ್ತಾನೆ. ಸಂಘದ ಹತ್ತಿರ ಹೋದ ಮೇಲಿನ ಒಂದು ವರ್ಷದಿಂದ ಮಾತ್ರ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎನ್ನುತ್ತಾನೆ.

ಈ ಸಾಲನ್ನು ನಾನು ಎಷ್ಟೋ ಸಲ ಟೈಪ್ ಮಾಡಿದ್ದೇನೆ, ಅಡಿಟಿಪ್ಪಣಿ ಹಾಕಿದ್ದೇನೆ. ಕಾಲಗಣನೆಗೆ ಬೇಕಾದ ಸಾಕ್ಷ್ಯ ಎಂದು ಬರೆದಿದ್ದೇನೆ. ಗುಡ್ಡದ ಬುಡದಲ್ಲಿ ಬ್ಯಾಗ್ ಇಳಿಸಿ ಕುಳಿತಾಗ ಬೇರೆಯದೇ ಹೊಳೆಯಿತು. ಸಾಮ್ರಾಜ್ಯದ ತುಂಬ ಕಲ್ಲಿನಲ್ಲಿ ಕೊರೆಸುವ ಮಾತಿನಲ್ಲಿ, "ಒಂದು ವರ್ಷ ಸುಮ್ಮನೆ ಹೋಯಿತು" ಎಂಬುದನ್ನೂ ಸೇರಿಸಬೇಕು ಎಂದು ಒಬ್ಬ ದೊರೆಗೆ ಅನ್ನಿಸಿದೆ. ನಾನಾದರೆ ಪ್ರಗತಿ ವರದಿಯಲ್ಲಿ ಆ ವರ್ಷವನ್ನು "ಆಕರ ಸಂಗ್ರಹ ಪ್ರಗತಿಯಲ್ಲಿದೆ" ಎಂದು ಬರೆದಿದ್ದೆ.

ಶ್ರಮಕ್ಕೆ ಅಲ್ಲಿ ಬಳಸಿರುವ ಪದ ಪ್ರಕ್ರಮ. ಅಶೋಕನ ದೊಡ್ಡ ಶಿಲಾಶಾಸನಗಳಲ್ಲಿ ಪರಾಕ್ರಮ. ಕನ್ನಡದಲ್ಲಿ ಪರಾಕ್ರಮ ಎಂದರೆ ನಮಗೆ ಕತ್ತಿ, ಕುದುರೆ, ವೀರಗಲ್ಲು ನೆನಪಾಗುತ್ತವೆ. ಅಶೋಕನ ಪ್ರಾಕೃತದಲ್ಲಿ ಅದು ಬಿಡದೆ ಮಾಡುವ ಪ್ರಯತ್ನ.

ಆದರೆ ಈ ದೊರೆ ಎಷ್ಟು ಬಿಡದೆ ಮಾಡುತ್ತಿದ್ದ ಎಂಬುದನ್ನೂ ನೋಡಬೇಕು. ಹದಿನಾಲ್ಕೂ ಶಿಲಾಶಾಸನಗಳಿರುವ, ನಮಗೆ ಹತ್ತಿರದ ಜಾಗ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿ. ಅವುಗಳಲ್ಲಿ ಆರನೆಯದು ಕೆಲಸದ ಬಗ್ಗೆಯೇ ಇದೆ. ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಪ್ರಯಾಣದಲ್ಲಿರಲಿ, ತೋಟದಲ್ಲಿರಲಿ, ಜನರ ವಿಷಯವನ್ನು ವರದಿಗಾರರು ಎಲ್ಲೆಂದರಲ್ಲಿ ಬಂದು ತಿಳಿಸಬೇಕು ಎಂದು ಅಲ್ಲಿ ಆಜ್ಞೆ. ಆ ಪಟ್ಟಿಯಲ್ಲಿ 'ವಚ' ಎಂಬ ಪದವೊಂದಿದೆ. ಕೆಲವರು ಅದನ್ನು ದನದ ಕೊಟ್ಟಿಗೆ ಎಂದು ಓದಿದ್ದಾರೆ, ಕೆಲವರು ಶೌಚದ ಜಾಗ ಎಂದು. ಬಚ್ಚಲಿಗೂ ಮೊಬೈಲ್ ಒಯ್ಯುವ ನಮ್ಮ ಕಾಲದವರು ಎರಡನೇ ಅರ್ಥವನ್ನೇ ಒಪ್ಪುತ್ತಾರೆ ಎಂದು ನನ್ನ ಅನುಮಾನ. ಎಷ್ಟು ದುಡಿದರೂ, ಎಷ್ಟು ವ್ಯವಹಾರ ಮುಗಿಸಿದರೂ ತನಗೆ ತೃಪ್ತಿಯಿಲ್ಲ ಎಂದು ಅದೇ ಶಾಸನದಲ್ಲಿ ಹೇಳುತ್ತಾನೆ. ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಬಿಗಿ. ಅದು ರಾಜನ ಹಗಲನ್ನು ಎಂಟು, ರಾತ್ರಿಯನ್ನು ಎಂಟು ಭಾಗ ಮಾಡಿ ರಾತ್ರಿಯ ನಾಲ್ಕು ಮತ್ತು ಐದನೇ ಭಾಗಗಳನ್ನು ನಿದ್ದೆಗೆ ಬಿಡುತ್ತದೆ. ಲೆಕ್ಕ ಹಾಕಿದರೆ ಮೂರು ಗಂಟೆ. ನನ್ನ ಗೋಡೆಯ ಮೇಲೂ ಇಂಥದೊಂದು ವೇಳಾಪಟ್ಟಿ ಇತ್ತು, ನಾಲ್ಕು ದಿನ ನಡೆಯಿತು.

ಇಂಥ ರಾಜನ ಕೈಕೆಳಗೆ ಕೆಲಸ ಮಾಡುವವರ ಗತಿ ಏನು? ಈ ಪ್ರಶ್ನೆಗೆ ಉತ್ತರ ಸಿಗುವುದು ಪ್ರತ್ಯೇಕ ಶಾಸನಗಳೆಂದು ಹೆಸರಾದ ಎರಡು ಬರಹಗಳಲ್ಲಿ. ಬಹುಕಾಲ ಅವು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಇವೆ ಎಂದು ತಿಳಿಯಲಾಗಿತ್ತು. 1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ದುರಸ್ತಿಯ ಹೊತ್ತಿನಲ್ಲಿ ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತು. ಒಂದು ಬದಿಗೆ ಹನ್ನೆರಡು ಮತ್ತು ಹದಿನಾಲ್ಕನೇ ಶಿಲಾಶಾಸನ, ಇನ್ನೊಂದು ಬದಿಗೆ ಪ್ರತ್ಯೇಕ ಶಾಸನಗಳು, ಎಲ್ಲವೂ ತುಂಡುತುಂಡಾಗಿ. ಅಂದರೆ ಕಳಿಂಗದ ಅಧಿಕಾರಿಗಳಿಗೆ ಬರೆಸಿದ ಮಾತನ್ನು ನಮ್ಮ ಸೀಮೆಯ ಅಧಿಕಾರಿಗಳಿಗೂ ಓದಿಸಲಾಗಿತ್ತು.

ಧೌಲಿಯ ಪಾಠ ಪೂರ್ಣವಾಗಿ ಉಳಿದಿದೆ. ಅದು ತೋಸಲಿಯ ಮಹಾಮಾತ್ರರಿಗೆ, ನಗರದ ನ್ಯಾಯ ನೋಡುವವರಿಗೆ, ಬರೆದದ್ದು. ನೀವು ಸಾವಿರಾರು ಜೀವಗಳ ಮೇಲೆ ಇದ್ದೀರಿ, ನನ್ನ ಮಾತಿನ ಅರ್ಥ ಪೂರ್ತಿ ನಿಮಗೆ ತಿಳಿಯುತ್ತಿಲ್ಲ ಎಂದು ಶುರುವಾಗುತ್ತದೆ. ಯಾರೋ ಒಬ್ಬ ವ್ಯಕ್ತಿ ಬಂಧನಕ್ಕೋ ಹಿಂಸೆಗೋ ಒಳಗಾಗುತ್ತಾನೆ, ಕಾರಣವಿಲ್ಲದೆ. ಇಲ್ಲಿ ಬಳಸಿರುವ ಪದ 'ಅಕಸ್ಮಾ', ನಮ್ಮ ಅಕಸ್ಮಾತ್. ಅವನ ಜೊತೆಗೆ ಬೇರೆ ಜನರೂ ನರಳುತ್ತಾರೆ. ಹೀಗಾಗುವುದು ಯಾವುದರಿಂದ ಎಂದು ಹೇಳುತ್ತ ಅಧಿಕಾರಿಗಳ ಏಳು ದೋಷಗಳನ್ನು ಎಣಿಸುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ನಿಷ್ಠುರತೆ, ಅವಸರ, ಅಭ್ಯಾಸ ತಪ್ಪುವುದು, ಆಲಸ್ಯ, ದಣಿವು. ಇವು ತಮ್ಮಲ್ಲಿ ಇರದಿರಲಿ ಎಂದು ಅಧಿಕಾರಿಗಳು ಬಯಸಬೇಕು. ಎಲ್ಲಕ್ಕೂ ಮೂಲ ಎರಡು, ಸಿಟ್ಟು ಮಾಡದಿರುವುದು ಮತ್ತು ಅವಸರ ಮಾಡದಿರುವುದು. ಆಮೇಲೆ ಇನ್ನೊಂದು ಮಾತು ಸೇರಿಸುತ್ತಾನೆ. ದಣಿದವನು ಮೇಲೇಳಲಾರ, ಆದರೂ ಅಲುಗಬೇಕು, ಸಾಗಬೇಕು, ನಡೆಯಬೇಕು.

ಈ ಪಟ್ಟಿಯಲ್ಲಿ ನನ್ನನ್ನು ತಡೆದದ್ದು ಆಲಸ್ಯ ಮತ್ತು ದಣಿವು ಬೇರೆಬೇರೆಯಾಗಿ ನಿಂತಿರುವುದು. ಎರಡಕ್ಕೂ ಎರಡು ಪದ. ದಣಿದವನನ್ನು ಸೋಮಾರಿ ಎಂದು ಬಯ್ಯುವ ಅಭ್ಯಾಸ ನಮಗಿದೆ. ನಾನು ನನ್ನನ್ನೇ ಹಾಗೆ ಬಯ್ದುಕೊಳ್ಳುತ್ತಿದ್ದೆ. ಅದಕ್ಕಿಂತ ಮುಖ್ಯವಾದದ್ದು ಅವಸರ ಇರುವ ಜಾಗ. ಸುಸ್ತಾದ ಅಧಿಕಾರಿಗೆ ಬೇಗ ಮಾಡು ಎನ್ನುವುದು ಎಲ್ಲ ಕಚೇರಿಗಳ ಪದ್ಧತಿ. ಒಂದು ಕ್ಷಣವೂ ಬಿಡುವಿಲ್ಲದೆ ವರದಿ ಕೇಳುತ್ತಿದ್ದ ಈ ದೊರೆ ತನ್ನ ಅಧಿಕಾರಿಗಳಿಗೆ ಬೇಗ ಎನ್ನಲಿಲ್ಲ. ಅವಸರದ ಇನ್ನೊಂದು ತುದಿಯಲ್ಲಿ ಕಾರಣವಿಲ್ಲದೆ ಒಳಗೆ ಬಿದ್ದ ಒಬ್ಬ ಮನುಷ್ಯ ಇರುತ್ತಾನೆ ಎಂದು ತೋರಿಸಿದ. ನನ್ನ ಅವಸರದ ಇನ್ನೊಂದು ತುದಿಯಲ್ಲಿ ಸೊನ್ನೆ ಪಡೆದ ಹುಡುಗಿ ಇದ್ದಳು.

ಮನೆಗೆ ಬಂದು ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಆವತ್ತು ಭತ್ತದ ನಾಟಿ ಮುಗಿಸಿ ಬಂದು ಸೊಂಟಕ್ಕೆ ಬಿಸಿನೀರು ಹಾಕಿಕೊಂಡಿದ್ದಳು. ಕೇಳಿಸಿಕೊಂಡು, "ಹೇಳಾವ ರಾಜ, ದಣಿಯಾರು ನಾವು" ಎಂದಳು.

ಅವಳ ಆಕ್ಷೇಪಣೆ ಸರಿ ಎಂದೇ ನನಗೂ ಅನ್ನಿಸುತ್ತದೆ. ದಣಿದರೂ ನಡೆಯಬೇಕು ಎಂದು ಕಲ್ಲಿನಲ್ಲಿ ಬರೆಸುವವನಿಗೂ ಅದನ್ನು ಓದಿ ನಡೆಯಬೇಕಾದವನಿಗೂ ವ್ಯತ್ಯಾಸವಿದೆ. ಅಧಿಕಾರಿಗಳ ಉತ್ತರ ಯಾವ ಬಂಡೆಯ ಮೇಲೂ ಇಲ್ಲ. ಹೆಸರು ಉಳಿದ ಕೆಲಸಗಾರ ಎಂದರೆ ಬ್ರಹ್ಮಗಿರಿಯ ಕೊನೆಯಲ್ಲಿ ಕಾಣುವ ಲಿಪಿಕಾರ ಚಪಡ. ಅವನು ಬ್ರಾಹ್ಮಿಯಲ್ಲಿ ತನ್ನ ಹೆಸರು ಬರೆದು, 'ಲಿಪಿಕಾರನಿಂದ' ಎಂಬುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು. ಅವನು ದಣಿದಿದ್ದನೋ ಇಲ್ಲವೋ, ಸಹಿಯಲ್ಲಿ ಸ್ವಲ್ಪ ಹೆಮ್ಮೆ ಇದೆ.

ಆದರೆ ಅದೇ ಬ್ರಹ್ಮಗಿರಿಯ ಶಾಸನದ ಮೊದಲ ಸಾಲನ್ನು ಅವ್ವನಿಗೆ ಹೇಳುವುದು ಉಳಿದಿತ್ತು. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಓಲೆ ಅದು. ಸುವರ್ಣಗಿರಿ ಯಾವುದು ಎಂಬ ಬಗ್ಗೆ ಇನ್ನೂ ಜಗಳವಿದೆ. ಮಸ್ಕಿಯ ಆಸುಪಾಸು ಎಂದವರಿದ್ದಾರೆ, ಕನಕಗಿರಿ ಎಂದವರಿದ್ದಾರೆ, ಕರ್ನೂಲಿನ ಜೊನ್ನಗಿರಿ ಎಂದವರೂ ಇದ್ದಾರೆ. ನನ್ನ ಎರಡನೇ ಅಧ್ಯಾಯ ಸಿಕ್ಕಿಬಿದ್ದಿದ್ದು ಈ ಜಗಳದಲ್ಲೇ. ಓಲೆಯಲ್ಲಿ ಆಜ್ಞೆಗೆ ಮೊದಲು ಒಂದು ಸೂಚನೆ ಇದೆ: ಇಸಿಲದ ಅಧಿಕಾರಿಗಳ ಆರೋಗ್ಯ ಕೇಳಬೇಕು, ಆಮೇಲೆ ಈ ವಿಷಯ ಹೇಳಬೇಕು. ಪದವೂ ಅದೇ, 'ಆರೋಗಿಯಂ'. ಇದು ಬರೀ ಓಲೆಯ ಶಿಷ್ಟಾಚಾರ ಎಂದು ನನ್ನ ಟಿಪ್ಪಣಿಯಲ್ಲಿದೆ. ಇರಬಹುದು. ನನಗೆ ಬರುವ ಮೇಲ್‌ಗಳಲ್ಲಿ ಆ ಶಿಷ್ಟಾಚಾರವೂ ಇರುವುದಿಲ್ಲ, ನಾನು ಕಳಿಸುವವುಗಳಲ್ಲೂ.

ಮರುದಿನ ಅಂಕ ತಿದ್ದಲು ಅರ್ಜಿ ಬರೆದೆ. ತಪ್ಪು ನನ್ನದೇ ಎಂದು ಒಂದು ಸಾಲು ಸೇರಿಸಿದೆ. ಮೂರು ಮೇಜು ದಾಟಿ ಅದು ಸರಿಯಾಗಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಆ ಹುಡುಗಿ ಎರಡು ಸಲ ಬಂದು ಕೇಳಿದಳು, ಎರಡು ಸಲವೂ ಅವಳನ್ನು ಕೂರಿಸಿ ಎಲ್ಲಿಯವರೆಗೆ ಬಂದಿದೆ ಎಂದು ಹೇಳಿದೆ. ಸೆಮಿನಾರಿಗೆ ಬರುವುದಿಲ್ಲ ಎಂದು ಬರೆದು ಕಳಿಸಿದೆ. ರಾತ್ರಿಯ ಪಟ್ಟಿ ಬಿಟ್ಟೆ. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೆ ಒಂದು ಶಾಸನದ ಒಂದು ಸಾಲು, ಅದಕ್ಕೆ ಯಾರು ಏನು ಹೇಳಿದ್ದಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಸಿಂಧನೂರಿನಿಂದ ಮಸ್ಕಿಯವರೆಗೆ ಸಾಮಾನ್ಯವಾಗಿ ಒಂದು ಪುಟ. ಸೀಟು ಸಿಗದ ದಿನ ಅದೂ ಇಲ್ಲ.

ಎರಡನೇ ಅಧ್ಯಾಯ ಈಗ ಇಪ್ಪತ್ಮೂರನೇ ಪುಟದಲ್ಲಿದೆ. ಮುಂದಿನ ಪ್ರಗತಿ ವರದಿ ಜೂನ್‌ನಲ್ಲಿ. ಹೋದ ವರ್ಷದ ಖಾನೆಯಲ್ಲಿ ಏನು ಬರೆಯಬೇಕು ಎಂದು ಮಾರ್ಗದರ್ಶಕರನ್ನು ಕೇಳಿದೆ. "ಏನು ಮಾಡಿದ್ದೀರೋ ಅದನ್ನೇ ಬರೀರಿ" ಎಂದರು. ಸರ್, ಹೆಚ್ಚೇನೂ ಮಾಡಲಿಲ್ಲ ಎಂದೆ. ಅವರು ಕನ್ನಡಕ ತೆಗೆದು, "ಹಾಗಾದರೆ ಅದನ್ನೇ" ಎಂದರು.